ಹದಿನೆಂಟರ ಹೊಸ್ತಿಲಿನ ಈಚೆಗೆ

ಕಳೆದ ಒಂದು ದಶಕದಲ್ಲಿ ನಮ್ಮ ನ್ಯಾಯಾಲಯಗಳು ಕೊಟ್ಟ ತೀರ್ಪುಗಳ ಪೈಕಿ, ಲಿಂಗತ್ವ ಅಲ್ಪಸಂಖ್ಯಾತರ ಬಾಳುವೆಗೆ ಸಂಬಂಧಿಸಿದವುಗಳಷ್ಟು ಚರ್ಚೆಗೆ ಎಡೆಗೊಟ್ಟವು ವಿರಳ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ಹೆಣ್ಣು ಗಂಡೆಂಬ ಎರಡು ಕಂಬಸಾಲುಗಳಲ್ಲಿ ಅಡಗದವರೂ ಈ ದೇಶದ ಪೂರ್ಣ ಪ್ರಜೆಗಳೇ ಎಂದು ಸಾರಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು, ಒಂದೇ ಲಿಂಗದ ಇಬ್ಬರು ವಯಸ್ಕರು ಪರಸ್ಪರ ಸಮ್ಮತಿಯಿಂದ ಕೂಡಿ ಬಾಳುವುದು ಅಪರಾಧವಲ್ಲವೆಂದು ತೀರ್ಮಾನಿಸಿ, 1860ರ ದಂಡಸಂಹಿತೆಯ 377ನೆಯ ವಿಧಿಯ ಕಾಟವನ್ನು ತಪ್ಪಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ವಿಧಿಯೇ ಇಲ್ಲ. ಬೆಳಗಿನ ಕಾಫಿಯೊಡನೆ ಈ ಸುದ್ದಿಗಳನ್ನು ಓದಿದ ಗೃಹಸ್ಥನು, ‘ಸರಿ, ಈ ಪ್ರಶ್ನೆ ಬಗೆಹರಿಯಿತು’ ಎಂದು ಪತ್ರಿಕೆಯ ಪುಟ ತಿರುವಿದ್ದರೆ ಅದು ಅಸಹಜವೇನೂ ಅಲ್ಲ.

ಆದರೆ ಮೇಲಿನ ವಾಕ್ಯಗಳಲ್ಲಿ ‘ವಯಸ್ಕರು’ ಎಂಬ ಒಂದು ಶಬ್ದವಿದೆ. ನಮ್ಮ ಕಾನೂನು ಕೈ ಚಾಚಿರುವುದು ಹದಿನೆಂಟು ತುಂಬಿದವರ ಕಡೆಗೆ. ತಾನು ಇತರರಂತಲ್ಲ ಎಂಬ ಅರಿವಾದರೋ ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲಿಯೇ, ಎಷ್ಟೋ ವೇಳೆ ಅದಕ್ಕೂ ಮುಂಚೆಯೇ, ಮೂಡಿಬಿಡುತ್ತದೆ. ಈ ನಡುವಿನ ಐದಾರು ವರ್ಷಗಳಲ್ಲಿ ಆ ಮಗುವು ಮೂರು ಛಾವಣಿಗಳ ಅಡಿಯಲ್ಲಿ ಬದುಕುತ್ತದೆ: ಮನೆ, ಶಾಲೆ, ದೇವರ ಗುಡಿ. ದೊಡ್ಡವರಿಗೆ ದೊರೆತ ಬಿಡುಗಡೆಯು ಈ ಮೂರು ಕಡೆಗಳಲ್ಲಿ ಎಷ್ಟರಮಟ್ಟಿಗೆ ಒಳಹೊಕ್ಕಿದೆ ಎಂಬುದೇ ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೊದಲು ಒಂದು ವಿವೇಚನೆ ಅಗತ್ಯ. ಜನಸಾಮಾನ್ಯರ ಮಾತಿನಲ್ಲಿ ಇವರೆಲ್ಲರೂ ಒಂದೇ ಗುಂಪು. ವಾಸ್ತವವಾಗಿ ಹಾಗಲ್ಲ. ತಾನು ಗಂಡೆಂಬುದರಲ್ಲಿ ಯಾವ ಸಂದೇಹವೂ ಇಲ್ಲದ ಹುಡುಗನೊಬ್ಬನ ಒಲವು ಇನ್ನೊಬ್ಬ ಹುಡುಗನ ಕಡೆಗೆ ಹರಿಯಬಹುದು. ಹುಡುಗಿಯ ಒಲವು ಹುಡುಗಿಯ ಕಡೆಗೆ ಹರಿಯಬಹುದು. ಇದು ಒಲವಿನ ಮಾತು. ಹುಟ್ಟಿದಾಗ ಗಂಡೆಂದು ಬರೆಸಲ್ಪಟ್ಟ ಮಗುವು ತಾನು ಹೆಣ್ಣೆಂದೂ, ಹೆಣ್ಣೆಂದು ಬರೆಸಲ್ಪಟ್ಟದ್ದು ತಾನು ಗಂಡೆಂದೂ ಒಳಗಿನಿಂದ ಬಲ್ಲುದಾದರೆ ಅದು ಗುರುತಿನ ಮಾತು. ಮೊದಲಿನವನು ತನ್ನನ್ನು ಅಡಗಿಸಿಕೊಂಡು ವರ್ಷಗಳನ್ನು ನೂಕಬಲ್ಲ. ಎರಡನೆಯವನ ನಡೆ, ನುಡಿ, ಉಡುಗೆಗಳೇ ಅವನನ್ನು ಬಯಲಿಗೆ ತರುತ್ತವೆ. ಒಬ್ಬನಿಗೆ ಮೌನವೇ ಸೆರೆಮನೆ. ಇನ್ನೊಬ್ಬನಿಗೆ ಬೀದಿಯೇ ನ್ಯಾಯಸ್ಥಾನ. ಎರಡೂ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಒಲವಿನ ಭೇದವನ್ನು 1990ರಲ್ಲಿಯೂ, ಗುರುತಿನ ಭೇದವನ್ನು 2019ರಲ್ಲಿ ಅಂಗೀಕಾರವಾದ ಹೊಸ ಪಟ್ಟಿಯಲ್ಲಿಯೂ ಮನೋರೋಗಗಳ ಸಾಲಿನಿಂದ ತೆಗೆದುಹಾಕಿತು.

ಇಂಥ ಮಗುವಿಗೆ ನಮ್ಮ ನಾಡಿನಲ್ಲಿ ತನ್ನ ವಿಷಯವಾಗಿ ಮೊಟ್ಟಮೊದಲು ದೊರೆಯುವ ಶಬ್ದ ಯಾವುದು? ಬೈಗುಳ. ‘ಹೆಣ್ಣಿಗ’, ‘ಚಕ್ಕ’, ‘ಒಂಬತ್ತು’ ಎಂಬ ಮಾತುಗಳು ಹುಡುಗನಿಗೆ. ‘ಗಂಡುಬೀರಿ’ ಎಂಬುದು ಹುಡುಗಿಗೆ. ತನ್ನನ್ನು ತಾನು ಅರಿಯುವ ಮೊದಲೇ ಅನ್ಯರ ನಗೆಯು ಅವನಿಗೆ ನಾಮಕರಣ ಮಾಡಿ ಮುಗಿಸಿರುತ್ತದೆ. ಗೌರವದ ಶಬ್ದವೊಂದು ತನಗೂ ಉಂಟೆಂಬುದನ್ನು ತಿಳಿಯಲು ಅವನು ಬೆಂಗಳೂರಿನಂಥ ಊರಿಗೆ ಬರಬೇಕು, ಇಲ್ಲವೇ ಕೈಯಲ್ಲೊಂದು ಮೊಬೈಲು ಇರಬೇಕು, ಇಲ್ಲವೇ ಪುಸ್ತಕವೊಂದು ದೊರೆಯಬೇಕು. 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು ಹೊರಬಂದಾಗ ಅದು ಕನ್ನಡಕ್ಕೆ ಮಾಡಿದ ಉಪಕಾರ ಇದೇ. ಬೈಗುಳದ ಆಚೆಗೂ ಈ ಅನುಭವಕ್ಕೆ ಕನ್ನಡದಲ್ಲಿ ಮಾತು ಉಂಟೆಂದು ಅದು ತೋರಿಸಿತು. 2015ರಲ್ಲಿ ತೆರೆಕಂಡ ‘ನಾನು ಅವನಲ್ಲ... ಅವಳು’ ಚಿತ್ರವು ಅಕ್ಷರ ಬಾರದವರಿಗೂ ಅದನ್ನೇ ಮುಟ್ಟಿಸಿತು. ಹಾಗಿದ್ದರೂ ಶಾಲೆಯ ಗ್ರಂಥಭಂಡಾರದ ಕಪಾಟಿನಲ್ಲಿ ಇಂಥ ಪುಸ್ತಕವನ್ನಿಡುವ ಧೈರ್ಯ ಎಷ್ಟು ಮಂದಿ ಉಪಾಧ್ಯಾಯರಿಗುಂಟು?

ಮನೆಯ ಮಾತಿಗೆ ಬರೋಣ. ತಂದೆತಾಯಿಗಳನ್ನು ಖಳರೆಂದು ಚಿತ್ರಿಸುವುದು ಸುಲಭ, ಅದು ನ್ಯಾಯವಲ್ಲ. ಮಗನ ಗುಟ್ಟನ್ನು ಅರಿತ ತಾಯಿಯು ಮೊದಲು ಕೇಳಿಕೊಳ್ಳುವ ಪ್ರಶ್ನೆ, ‘ನಮ್ಮ ನಂತರ ಇವನಿಗೆ ಯಾರು ದಿಕ್ಕು?’ ಎಂಬುದು. ವೃದ್ಧಾಪ್ಯದಲ್ಲಿ ಮಕ್ಕಳ ಹೊರತು ಬೇರೆ ಆಸರೆಯಿಲ್ಲದ ಸಮಾಜದಲ್ಲಿ ಈ ಅಂಜಿಕೆ ಕೇವಲ ಕುರುಡು ಸಂಪ್ರದಾಯವಲ್ಲ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯವು, ಸಲಿಂಗಿಗಳ ವಿವಾಹಕ್ಕೆ ಮಾನ್ಯತೆ ಕೊಡುವುದು ತನ್ನ ಕೆಲಸವಲ್ಲ, ಶಾಸನಸಭೆಯದೆಂದು ಹೇಳಿದ ಮೇಲೆ ಆ ಅಂಜಿಕೆಗೆ ಇನ್ನಷ್ಟು ಆಧಾರ ದೊರೆತಿದೆ. ಇದರೊಡನೆ ತಂಗಿಯ ಮದುವೆಯ ಚಿಂತೆ, ನೆಂಟರ ಕಣ್ಣು, ಜಾತಿಯವರ ನಾಲಿಗೆ. ಇವೆಲ್ಲವೂ ಕೂಡಿ ಪ್ರೀತಿಯೇ ಹಿಂಸೆಯ ರೂಪವನ್ನು ತಾಳುತ್ತದೆ. ಮೊದಲು ಗದರಿಕೆ, ಆಮೇಲೆ ಹೊಡೆತ, ಅನಂತರ ವೈದ್ಯ, ಮಂತ್ರವಾದಿ, ಹರಕೆ. ಹುಡುಗಿಯಾದರೆ ಓದು ಬಿಡಿಸಿ ಅವಸರದ ಮದುವೆ.

‘ಸರಿಪಡಿಸುವ ಚಿಕಿತ್ಸೆ’ ಎಂಬ ಹೆಸರಿನಲ್ಲಿ ನಡೆಯುವ ಈ ಉಪಚಾರಗಳು ಯಾವ ಮಗುವನ್ನೂ ಸರಿಪಡಿಸುವುದಿಲ್ಲ. ಔಷಧವಿರುವುದು ರೋಗಕ್ಕೆ, ಇಲ್ಲಿ ರೋಗವೇ ಇಲ್ಲ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇದನ್ನು ವೈದ್ಯವೃತ್ತಿಗೆ ಸಲ್ಲದ ದುರ್ನಡತೆಯೆಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಒಳ್ಳೆಯ ಮಾತು. ಆದರೆ ಆಯೋಗದ ಅಂಕೆಯು ವೈದ್ಯರ ಮೇಲೆ ಮಾತ್ರ. ಬೇವಿನ ಸೊಪ್ಪಿನಿಂದ ಹೊಡೆಯುವವನ ಮೇಲೆಯೂ, ಉಪವಾಸ ಪ್ರಾರ್ಥನೆಗಳಿಂದ ದೆವ್ವ ಬಿಡಿಸುತ್ತೇನೆನ್ನುವವನ ಮೇಲೆಯೂ ಅದು ನಡೆಯದು.

ಇನ್ನು ಮನೆಯಲ್ಲಿ ನೆಲೆ ತಪ್ಪಿದ ಮಗುವಿಗೆ ಕಾನೂನು ಯಾವ ದಾರಿಯನ್ನು ತೋರಿದೆ? ಇದಕ್ಕೊಂದು ಇತಿಹಾಸವಿದೆ. 1871ರಲ್ಲಿ ಬ್ರಿಟಿಷ್ ಸರಕಾರವು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು ಹಿಜ್ರಾ ಸಮುದಾಯದವರ ಹೆಸರುಗಳನ್ನು ಪೋಲೀಸರು ದಾಖಲಿಸಿಡಬೇಕೆಂದು ವಿಧಿಸಿತು. ಹಾಗೆ ದಾಖಲಾದವರ ವಶದಲ್ಲಿ ಹದಿನಾರು ತುಂಬದ ಗಂಡುಮಗುವಿರುವುದೇ ಅಪರಾಧವೆಂದಿತು. ಮನೆಯಿಂದ ಹೊರದೂಡಲ್ಪಟ್ಟ ಮಕ್ಕಳಿಗೆ ಗುರುವಿನ ಮನೆಯೆಂಬ ಆಸರೆಯನ್ನು ಆ ಸಮುದಾಯವು ಒದಗಿಸುತ್ತಿತ್ತೆಂಬುದು ಅಧಿಕಾರಿಗಳ ಕಣ್ಣಿಗೆ ಬೀಳಲಿಲ್ಲ; ಕಂಡದ್ದು ಮಕ್ಕಳ ಅಪಹರಣ ಮಾತ್ರ. 2019ರಲ್ಲಿ ನಮ್ಮದೇ ಸಂಸತ್ತು ಅಂಗೀಕರಿಸಿದ ತೃತೀಯಲಿಂಗಿಗಳ ಹಕ್ಕುರಕ್ಷಣೆಯ ಕಾಯಿದೆಯ ಉದ್ದೇಶವು ಇದಕ್ಕೆ ತೀರ ವಿರುದ್ಧವಾದದ್ದು, ಒಳ್ಳೆಯದು. ನ್ಯಾಯಾಲಯದ ಆಜ್ಞೆಯಿಲ್ಲದೆ ಇಂಥ ಮಗುವನ್ನು ತಂದೆತಾಯಿಗಳಿಂದ ಅಗಲಿಸಕೂಡದೆಂದು ಅದು ಹೇಳಿತು. ಮನೆಯವರು ನೋಡಿಕೊಳ್ಳಲಾರದಿದ್ದರೆ ನ್ಯಾಯಾಲಯವು ಪುನರ್ವಸತಿ ಕೇಂದ್ರಕ್ಕೆ ಕಳುಹಿಸಬೇಕೆಂದಿತು. ಹೊಡೆಯುವ ಕೈ ಮನೆಯೊಳಗಿನದೇ ಆಗಿದ್ದರೆ, ಅಗಲಿಸಬಾರದೆಂಬ ರಕ್ಷಣೆಯೇ ಮಗುವಿಗೆ ಬಂಧನವಾಗುವುದಿಲ್ಲವೆ? ಗುರುತಿನ ಪತ್ರದ ವಿಷಯದಲ್ಲಿಯೂ ಹೀಗೆಯೇ. ಹದಿನೆಂಟು ತುಂಬದವರ ಪರವಾಗಿ ಅರ್ಜಿ ಸಲ್ಲಿಸಬೇಕಾದವರು ತಂದೆತಾಯಿ ಇಲ್ಲವೇ ಪಾಲಕರು ಎಂದು ಆ ಕಾಯಿದೆ ಗೊತ್ತುಪಡಿಸಿತು. ಬೀಗದ ಕೈ ಯಾರ ಕೈಯಲ್ಲಿದೆಯೋ ಅವರೇ ಬಾಗಿಲು ಹಾಕಿಕೊಂಡಿದ್ದರೆ ಮಗು ಏನು ಮಾಡೀತು?

ಎರಡನೆಯ ಛಾವಣಿ ಶಾಲೆಯದು. ಪ್ರಾರ್ಥನೆಯ ಹೊತ್ತಿಗೆ ಹುಡುಗರದೊಂದು ಸಾಲು, ಹುಡುಗಿಯರದೊಂದು ಸಾಲು. ನಮಗೆ ಇದು ಶಿಸ್ತಿನ ಸಾಮಾನ್ಯ ನೋಟ. ಯಾವ ಸಾಲಿನಲ್ಲಿ ನಿಂತರೂ ತನ್ನದಲ್ಲವೆನಿಸುವ ಮಗುವಿಗೆ ಅದು ಪ್ರತಿದಿನದ ಮೊದಲ ಪರೀಕ್ಷೆ. ಸಮವಸ್ತ್ರ ಎರಡನೆಯದು, ಶೌಚಾಲಯ ಮೂರನೆಯದು. ಅಲ್ಲಿ ಪೀಡಿಸುವವರಿಗೆ ಹೆದರಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕುಳಿತಿರುವ ಮಕ್ಕಳೂ ಉಂಟು. ಇಂಥ ಹುಡುಗನು ಪದ್ಯ ಓದಲು ಎದ್ದು ನಿಂತಾಗ ಅವನ ದನಿ ಕೇಳಿ ತರಗತಿ ನಗುತ್ತದೆ. ಈ ನಗೆ ಕೂಡ ಅಷ್ಟು ದೊಡ್ಡದಲ್ಲ. ಮೇಷ್ಟರೂ ಅದರೊಡನೆ ನಕ್ಕರೆ, ಆ ಕ್ಷಣದಲ್ಲಿ ಶಾಲೆ ಅವನ ಪಾಲಿಗೆ ಮುಚ್ಚಿದಂತೆಯೇ.

2011ರ ಜನಗಣತಿಯು ಮೊದಲ ಬಾರಿಗೆ ಗಂಡು ಹೆಣ್ಣುಗಳಲ್ಲದೆ ‘ಇತರ’ ಎಂಬ ವಿಭಾಗವನ್ನೂ ಎಣಿಸಿತು. ದೇಶದಲ್ಲಿ ಅಂಥವರು 4,87,803 ಮಂದಿಯೆಂದು ಲೆಕ್ಕ ಬಂತು; ಕರ್ನಾಟಕದಲ್ಲಿ 20,266. ಇವರಲ್ಲಿ ಸುಮಾರು 55 ಸಾವಿರ ಆರು ವರ್ಷದೊಳಗಿನ ಮಕ್ಕಳು. ಎಣಿಕೆಯಲ್ಲಿ ತಪ್ಪುಗಳು ಎಷ್ಟೇ ಇರಲಿ, ಎಣಿಸಿಕೊಳ್ಳಲು ಹೆದರಿದವರು ಎಷ್ಟೇ ಇರಲಿ, ಒಂದು ಅಂಕೆಯು ಮಾತ್ರ ನಮ್ಮನ್ನು ತಡೆದು ನಿಲ್ಲಿಸಬೇಕು. ದೇಶದಲ್ಲಿ ನೂರಕ್ಕೆ ಸುಮಾರು 73 ಮಂದಿ ಅಕ್ಷರಸ್ಥರಾಗಿದ್ದ ಆ ಕಾಲಕ್ಕೆ ಈ ವರ್ಗದಲ್ಲಿ ಅಕ್ಷರಸ್ಥರು 56 ಮಂದಿ. ಬುದ್ಧಿಗೆ ಲಿಂಗವಿಲ್ಲ, ಆದುದರಿಂದ ಈ ಅಂತರವು ಬುದ್ಧಿಯದಲ್ಲ, ಬಿಟ್ಟುಹೋದ ಶಾಲೆಗಳದು. 2021ರಲ್ಲಿ ಕರ್ನಾಟಕವು ಸರಕಾರಿ ನೌಕರಿಗಳಲ್ಲಿ ತೃತೀಯಲಿಂಗಿಗಳಿಗೆ ಶೇಕಡ ಒಂದರ ಮೀಸಲಾತಿಯನ್ನು ಕೊಟ್ಟು ಇಡೀ ದೇಶಕ್ಕೆ ಮೊದಲ ರಾಜ್ಯವೆನಿಸಿತು. ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೆ ಎಂಟನೆಯ ತರಗತಿಯಲ್ಲಿ ಪಾಟಿಚೀಲವನ್ನು ಮೂಲೆಗೆಸೆದು ಊರು ಬಿಟ್ಟ ಮಗುವು ಆ ಒಂದು ಶೇಕಡದ ಬಾಗಿಲಿಗೆ ಯಾವ ಅಂಕಪಟ್ಟಿಯನ್ನು ಹಿಡಿದುಕೊಂಡು ಬಂದೀತು?

ಉಪಾಧ್ಯಾಯರಿಗೆ ತಿಳಿವಳಿಕೆ ಕೊಡುವ ಪ್ರಯತ್ನ ನಡೆದೇ ಇಲ್ಲವೆನ್ನುವಂತಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯು, ತೃತೀಯಲಿಂಗಿ ಮಕ್ಕಳನ್ನು ಶಾಲೆಯೊಳಕ್ಕೆ ಸೇರಿಸಿಕೊಳ್ಳುವ ಬಗೆಯನ್ನು ಕುರಿತು ಉಪಾಧ್ಯಾಯರಿಗಾಗಿ ಒಂದು ಕೈಪಿಡಿಯನ್ನು ಸಿದ್ಧಪಡಿಸಿ ತನ್ನ ಜಾಲತಾಣದಲ್ಲಿ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಆಕ್ಷೇಪಗಳೆದ್ದವು, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗವೂ ಆಕ್ಷೇಪಿಸಿತು, ಕೈಪಿಡಿಯು ಮಾಯವಾಯಿತು. ಅದರಲ್ಲಿ ತಿದ್ದಬೇಕಾದದ್ದು ಇದ್ದಿರಬಹುದು. ಆದರೆ ತಿದ್ದುವುದಕ್ಕೂ ಹಿಂದೆಗೆಯುವುದಕ್ಕೂ ಅಂತರವುಂಟು. ತರಗತಿಯಲ್ಲಿ ಕುಳಿತ ಮಗುವನ್ನು ಜಾಲತಾಣದಿಂದ ತೆಗೆದುಹಾಕಿದಂತೆ ತೆಗೆದುಹಾಕಲು ಬರುವುದಿಲ್ಲ.

ಇಲ್ಲಿ ಇನ್ನೊಂದು ತೊಡಕನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯಿದೆಯ ದೃಷ್ಟಿಯಲ್ಲಿ ಹದಿನೆಂಟರೊಳಗಿನವರೆಲ್ಲರೂ ಮಕ್ಕಳು. ಅವರ ಸಮ್ಮತಿಗೆ ಬೆಲೆಯಿಲ್ಲ. ಅಪರಾಧ ನಡೆದುದನ್ನು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕು. ಬಾಧಿತ ಮಕ್ಕಳ ರಕ್ಷಣೆಗೆ ಈ ಕಟ್ಟು ಬೇಕಾದುದೇ. ಆದರೆ ಹದಿನೇಳರ ಹುಡುಗನು ತನ್ನ ಪ್ರೀತಿಯ ಮಾತನ್ನು ನಂಬಿ ಹೇಳಲು ಬಂದಾಗ, ‘ಇದನ್ನು ಕೇಳಿಸಿಕೊಂಡರೆ ನನಗೇನು ಗತಿ, ಇವನಿಗೇನು ಗತಿ’ ಎಂದು ಉಪಾಧ್ಯಾಯನ ಕಿವಿ ಮುಚ್ಚಿಹೋಗುವುದೂ ಇದೇ ಕಾರಣದಿಂದ. ಮನಸ್ಸಿನ ಒಲವನ್ನು ಹೇಳಿಕೊಳ್ಳುವುದು ಅಪರಾಧವಲ್ಲ, ಕೇಳುವುದೂ ಅಪರಾಧವಲ್ಲ ಎಂಬಷ್ಟನ್ನಾದರೂ ನಮ್ಮ ಉಪಾಧ್ಯಾಯರ ತರಬೇತಿಯಲ್ಲಿ ಸ್ಪಷ್ಟಪಡಿಸಬೇಕಾಗಿದೆ.

ಮೂರನೆಯದು ಗುಡಿ. ‘ಇದೆಲ್ಲ ಪಶ್ಚಿಮದಿಂದ ಬಂದ ಗಾಳಿ’ ಎನ್ನುವವರು ನಮ್ಮಲ್ಲಿ ಕಡಮೆಯಿಲ್ಲ. ಬೃಹನ್ನಳೆಯು ಉತ್ತರೆಗೆ ನಾಟ್ಯ ಕಲಿಸಿದ ಕಥೆಯನ್ನು ಗಮಕಿಯ ಕಂಠದಿಂದ ಕೇಳಿ ತಲೆದೂಗಿದ ಜನ ಹೀಗೆನ್ನುವುದು ವಿಚಿತ್ರ. ಶಿಖಂಡಿಯಿಲ್ಲದೆ ಭಾರತದ ಯುದ್ಧವೇ ಮುಗಿಯುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿಯೂ, ಹೊಸಪೇಟೆಗೆ ಸಮೀಪದ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿಯೂ ಜೋಗಪ್ಪಗಳು ತಲೆಮಾರುಗಳಿಂದ ಚೌಡಿಕೆ ನುಡಿಸುತ್ತ, ಕೊಡ ಹೊತ್ತು ಕುಣಿಯುತ್ತ ಬಂದಿದ್ದಾರೆ. ಉತ್ತರ ಕರ್ನಾಟಕದ ದೇವಿಗೆ ಇವರು ಅಪರಿಚಿತರಲ್ಲ.

ಆದರೆ ಈ ಪರಂಪರೆಯನ್ನು ಹೊಗಳಿ ಸುಮ್ಮನಾಗುವುದೂ ಸಲ್ಲದು. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರ ಬಾಳು ಇದಕ್ಕೆ ಸಾಕ್ಷಿ. ಹದಿಹರೆಯದಲ್ಲಿ ತಮ್ಮೊಳಗಿನ ಹೆಣ್ಣನ್ನು ಕಂಡುಕೊಂಡ ಅವರನ್ನು ಮನೆಯವರು ಹುಲಿಗೆಮ್ಮನ ಗುಡಿಗೆ ಕರೆದೊಯ್ದು ದೀಕ್ಷೆ ಕೊಡಿಸಿದರು. ಆಮೇಲೆ ಮನೆಯಲ್ಲಿ ನೆಲೆಯಿಲ್ಲವಾಯಿತು. ಭಿಕ್ಷೆ, ಅವಮಾನ, ಒಮ್ಮೆ ಪ್ರಾಣವನ್ನೇ ನೀಗಿಕೊಳ್ಳುವ ಯತ್ನ, ಇವೆಲ್ಲವನ್ನೂ ದಾಟಿ ಅವರು ಕಾಳವ್ವ ಜೋಗತಿಯಿಂದ ಜೋಗತಿ ನೃತ್ಯವನ್ನು ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಆ ದೃಶ್ಯವನ್ನು ಕಂಡು ನಾವೆಲ್ಲರೂ ಸಂತೋಷಪಟ್ಟೆವು. ಆದರೆ ಆ ಪ್ರಶಸ್ತಿಯ ಹಿಂದೆ ದಶಕಗಳ ಹಸಿವಿದೆ. ದೇವಿ ಮಗುವನ್ನು ಒಪ್ಪಿಕೊಂಡಳು, ಮನೆ ಒಪ್ಪಿಕೊಳ್ಳಲಿಲ್ಲ. ಪರಂಪರೆಯು ಇಂಥವರಿಗೆ ಸ್ಥಾನವನ್ನು ಕೊಟ್ಟಿತು, ನಿಜ. ಆದರೆ ಆ ಸ್ಥಾನವಿದ್ದದ್ದು ಹೊಸ್ತಿಲಿನ ಹೊರಗೆ. ಎಲ್ಲ ಮಕ್ಕಳಿಗೂ ದೊರೆಯುವ ಪಾಠ, ಆಟ, ಊಟಗಳನ್ನು ಬಿಟ್ಟುಕೊಟ್ಟೇ ಈ ಪೂಜ್ಯತೆಯನ್ನು ಪಡೆಯಬೇಕಾಗಿತ್ತು.

ಇತರ ಮತಗಳ ಮಕ್ಕಳ ಪಾಡು ಇದಕ್ಕಿಂತ ಹಗುರವಾದುದಲ್ಲ. 2023ರ ಡಿಸೆಂಬರಿನಲ್ಲಿ ರೋಮಿನ ಕ್ಯಾಥೊಲಿಕ್ ಪೀಠವು ಸಲಿಂಗಿ ಜೋಡಿಗಳನ್ನು ಪಾದ್ರಿಗಳು ಹರಸಬಹುದೆಂದು ಹೇಳಿತಾದರೂ ವಿವಾಹದ ಬೋಧೆಯನ್ನು ಬದಲಿಸಲಿಲ್ಲ. ಆಫ್ರಿಕದ ಅನೇಕ ಬಿಷಪ್ಪರು ಆ ಹರಕೆಯನ್ನೂ ಒಪ್ಪಲಿಲ್ಲ. ವಿವಾಹದ ಮೊಕದ್ದಮೆಯಲ್ಲಿ ನಮ್ಮ ದೇಶದ ಮುಸ್ಲಿಂ ಧಾರ್ಮಿಕ ಸಂಸ್ಥೆಗಳೂ ವಿರೋಧವನ್ನು ಸೂಚಿಸಿದವು. ಧರ್ಮಶಾಸ್ತ್ರದ ತೀರ್ಮಾನಗಳನ್ನು ಪತ್ರಿಕೆಯ ಲೇಖನವು ಬದಲಿಸಲಾರದು. ಬದಲಿಸಹೊರಡುವುದು ನಮ್ಮ ಅಧಿಕಾರವೂ ಅಲ್ಲ. ಆದರೆ ಒಂದು ಮಾತನ್ನು ಎಲ್ಲ ಮತಗಳ ಹಿರಿಯರ ಮುಂದೆ ವಿನಯದಿಂದ ಇಡಬಹುದು. ಕರ್ನಾಟಕದಲ್ಲಿ ಮಠಗಳೂ, ಚರ್ಚುಗಳೂ, ಮುಸ್ಲಿಂ ಸಂಸ್ಥೆಗಳೂ ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಡುತ್ತಿವೆ. ಬಡ ಮಗುವಿಗೆ ಗುಡಿಯೇ ಶಾಲೆ, ಶಾಲೆಯೇ ಮನೆ. ಶಾಸ್ತ್ರಾರ್ಥ ಏನೇ ಇರಲಿ, ಈ ಛಾವಣಿಯಡಿ ಯಾವ ಮಗುವಿಗೂ ಹೊಡೆತವಿಲ್ಲ, ಹೀಯಾಳಿಕೆಯಿಲ್ಲ ಎಂಬ ಒಂದು ಮಾತು ಪೀಠದಿಂದ ಬಂದರೆ, ಅದು ಹತ್ತು ತೀರ್ಪುಗಳಿಗಿಂತ ಹೆಚ್ಚು ಕೆಲಸ ಮಾಡೀತು. ಹೆಣ್ಣು ಗಂಡೆಂಬುದು ಹೊರಗಿನ ಕುರುಹು, ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದು ಸಾರಿದ ದಾಸಿಮಯ್ಯನ ನಾಡು ಇದು. ಆ ಮಾತನ್ನು ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ಉಳಿಸಿಕೊಂಡಿದ್ದೇವೆಯೆ ಎಂದು ಸಂದೇಹವಾಗುತ್ತದೆ.

‘ಮಕ್ಕಳೊಡನೆ ಇದನ್ನು ಮಾತಾಡಿದರೆ ಅವರೂ ಹಾಗಾದಾರು, ಹದಿಹರೆಯದ ಗೊಂದಲಕ್ಕೆ ಹೆಸರಿಡುವುದೇಕೆ?’ ಎಂದು ಕೇಳುವ ಸಜ್ಜನರಿದ್ದಾರೆ. ಮಾತಿನಿಂದ ಒಲವು ಹುಟ್ಟುವಂತಿದ್ದರೆ, ಬಾಲ್ಯದಿಂದ ಗಂಡುಹೆಣ್ಣಿನ ಪ್ರೇಮಕಥೆಗಳನ್ನೇ ಕೇಳಿ ಬೆಳೆದ ಈ ಮಕ್ಕಳು ಬೇರೆಯಾಗುತ್ತಲೇ ಇರಲಿಲ್ಲ. ಎಳೆಯ ಮನಸ್ಸು ತನ್ನನ್ನು ತಿಳಿಯಲು ಕಾಲ ಬೇಕೆಂಬುದು ದಿಟ. ಉಪಾಧ್ಯಾಯನು ಯಾರ ಹಣೆಗೂ ಚೀಟಿ ಅಂಟಿಸಬೇಕಾಗಿಲ್ಲ. ಆ ಕಾಲವನ್ನು ಮಗುವು ಅವಮಾನವಿಲ್ಲದೆ ಕಳೆಯುವಂತೆ ನೋಡಿಕೊಂಡರೆ ಸಾಕು. ಇದಕ್ಕೆ ಹೊಸ ಕಾಯಿದೆಯೂ ಬೇಡ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ವಿಧಿಯು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೀಯಾಳಿಕೆಯು ಮಾನಸಿಕ ಕಿರುಕುಳವಲ್ಲದೆ ಮತ್ತೇನು?

ಈ ಸಂದರ್ಭದಲ್ಲಿ ಒಬ್ಬ ನ್ಯಾಯಮೂರ್ತಿಯ ನಡತೆಯನ್ನು ನೆನೆಯಬೇಕು. 2021ರಲ್ಲಿ ಮದುರೆಯಿಂದ ಚೆನ್ನೈಗೆ ಓಡಿಬಂದ ಇಬ್ಬರು ತರುಣಿಯರು, ತಮ್ಮನ್ನು ಅಗಲಿಸಬಾರದೆಂದು ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಮೂರ್ತಿ ಆನಂದ ವೆಂಕಟೇಶರು, ಈ ವಿಷಯದಲ್ಲಿ ತಮಗೇ ಪೂರ್ವಗ್ರಹವಿದೆಯೆಂದು ಬಹಿರಂಗವಾಗಿ ಒಪ್ಪಿಕೊಂಡರು. ಮನಶ್ಶಾಸ್ತ್ರಜ್ಞರೊಬ್ಬರ ಮುಂದೆ ವಿದ್ಯಾರ್ಥಿಯಂತೆ ಕುಳಿತು ತಿಳಿದುಕೊಂಡರು. ಆಮೇಲೆ ಆ ವರ್ಷದ ಜೂನ್ 7ರಂದು ಆಜ್ಞೆ ಬರೆದರು. ‘ಸರಿಪಡಿಸುವ ಚಿಕಿತ್ಸೆ’ಯನ್ನು ನಿಷೇಧಿಸಬೇಕೆಂದೂ, ಶಾಲೆಗಳಲ್ಲಿ ಪೋಷಕರ ಸಭೆಗಳ ಮೂಲಕ ತಿಳಿವಳಿಕೆ ಹರಡಬೇಕೆಂದೂ ಹೇಳಿದರು. ವೈದ್ಯಕೀಯ ಆಯೋಗದ ಮೇಲೆ ಹೇಳಿದ ಸೂಚನೆಯು ಈ ಮೊಕದ್ದಮೆಯಿಂದಲೇ ಹೊರಟದ್ದು. ತೀರ್ಪಿನ ಪೀಠದಲ್ಲಿ ಕುಳಿತವರು ತಮಗೆ ತಿಳಿಯದೆಂದು ಹೇಳಿ ಕಲಿಯಬಲ್ಲರಾದರೆ, ತಂದೆಯೂ ಮೇಷ್ಟರೂ ಪೂಜಾರಿಯೂ ಕಲಿಯಬಾರದೇಕೆ?

ಕಲಿಯುವುದಕ್ಕೆ ನೆರವು ಇಲ್ಲದಿಲ್ಲ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ಸಹಾಯವಾಣಿಯಿದೆ. ಮನಸ್ಸಿನ ತೊಳಲಾಟಕ್ಕಾಗಿ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಶಾಲೆಯ ಗೋಡೆಯ ಮೇಲೆ ಸುಭಾಷಿತದ ಪಕ್ಕದಲ್ಲಿ ಈ ಎರಡು ಸಂಖ್ಯೆಗಳನ್ನು ಬರೆಸಲು ಖರ್ಚೇನೂ ಆಗುವುದಿಲ್ಲ.

ಆದರೆ ಮಗುವು ಮೊದಲು ಹುಡುಕುವುದು ಪರಿಚಿತ ಮುಖವನ್ನು. ತನ್ನ ಮಾತನ್ನು ಕೇಳಿ ಹೌಹಾರದ, ಊರಿಗೆಲ್ಲ ಸಾರದ, ‘ಊಟ ಮಾಡಿದೆಯಾ, ನಾಳೆ ಶಾಲೆಗೆ ಬಾ’ ಎಂದು ಹೇಳುವ ಒಬ್ಬ ಹಿರಿಯರು ದೊರೆತರೆ ಅದು ಹದಿನೆಂಟರ ಹೊಸ್ತಿಲನ್ನು ಹೇಗೋ ದಾಟಿಬಿಡುತ್ತದೆ. ಅಲ್ಲಿಂದಾಚೆಗೆ ಸಂವಿಧಾನ ಕಾದಿದೆ. ಈ ಲೇಖನವನ್ನು ಓದುವವರಲ್ಲಿ ಉಪಾಧ್ಯಾಯರು ಬಹುಮಂದಿ. ನಾಳೆ ಸೋಮವಾರ, ತರಗತಿಯ ಹಾಜರಿ ಪುಸ್ತಕದಲ್ಲಿ ಅಂಥದೊಂದು ಹೆಸರು ಇಲ್ಲವೆಂದು ನಮ್ಮಲ್ಲಿ ಯಾರೂ ಖಂಡಿತವಾಗಿ ಹೇಳಲಾರೆವು. ಹೆಸರು ಕೂಗಿದಾಗ ಆ ದನಿಗೆ ತರಗತಿ ನಕ್ಕರೆ, ಮೇಷ್ಟರು ನಗದಿರಲಿ. ಸದ್ಯಕ್ಕೆ ಅಷ್ಟರಿಂದ ಆರಂಭವಾಗಲಿ.